ಆಯಮ್ಮ ತೋರಿಸಿದ ಕಡಲು

ಮೆಣಸು ತುಂಬಿದ ಗೋಣಿಚೀಲಕ್ಕೆ ಕಡಲ ಗಾಳಿ ತಗುಲಿದರೆ ಒಂದು ವಾಸನೆ ಬರುತ್ತದೆ. ಕೊಡಗಿನ ನಮ್ಮ ಮನೆಗಳಲ್ಲೂ ಮೆಣಸಿನ ಚೀಲ ಇದ್ದೇ ಇರುತ್ತದೆ, ಆದರೆ ಆ ವಾಸನೆಯೇ ಬೇರೆ. ಇಲ್ಲಿಯದು ಬರೀ ಒಣ ಘಾಟು. ಅಲ್ಲಿಯದರಲ್ಲಿ ಉಪ್ಪು, ಹಳೆಯ ಮರ, ಮೀನು, ಗೋಡೆಯ ಪಾಚಿ ಎಲ್ಲ ಸೇರಿಕೊಂಡಿರುತ್ತದೆ. ಕಳೆದ ತಿಂಗಳು ಕಾಫಿ ಪಿಕಿಂಗ್ ಮುಗಿದ ಮೇಲೆ ನಾನೂ ನನ್ನವರೂ ಮಕ್ಕಳಿಬ್ಬರನ್ನು ಕರೆದುಕೊಂಡು ತಲಶ್ಶೇರಿಗೆ ಹೋಗಿದ್ದೆವು. ದೊಡ್ಡವಳಿಗೆ ಎಂಟು ವರ್ಷ, ಚಿಕ್ಕವನಿಗೆ ಐದು. ಕಡಲ ದಂಡೆಯ ಹಳೇ ಗೋದಾಮುಗಳ ಬೀದಿಯಲ್ಲಿ ಈಗ ಗೋಡೆಗೆಲ್ಲ ಚಿತ್ರ ಬರೆದಿದ್ದಾರೆ, ಕೂರಲು ಬೆಂಚು ಹಾಕಿದ್ದಾರೆ, ಫೋಟೋ ತೆಗೆಯುವವರ ಗುಂಪು. ಮಕ್ಕಳು ಚಿತ್ರದಿಂದ ಚಿತ್ರಕ್ಕೆ ಓಡುತ್ತಿದ್ದರು. ಒಂದು ಗೋದಾಮಿನ ಬಾಗಿಲು ಮಾತ್ರ ಅರ್ಧ ತೆರೆದಿತ್ತು. ಒಳಗೆ ಕತ್ತಲು. ಅಲ್ಲಿಂದ ಆ ವಾಸನೆ ಬಂತು ನೋಡಿ... ನಾನು ಅಲ್ಲೇ ನಿಂತುಬಿಟ್ಟೆ.

ನನಗೆ ಏಳು ವರ್ಷವಿದ್ದಾಗ ಇದೇ ಬೀದಿಯಲ್ಲಿ, ಬಹುಶಃ ಇದೇ ಬಾಗಿಲ ಮುಂದೆ, ನನ್ನ ಕೈ ಹಿಡಿದುಕೊಂಡು ನಿಂತಿದ್ದವಳು ನಮ್ಮ ತೋಟದ ಆಯಮ್ಮ.

ಅಪ್ಪ ಆಗ ವಿರಾಜಪೇಟೆಯಿಂದ ಮಾಕುಟ್ಟದ ಕಡೆಗೆ ಹೋಗುವ ದಾರಿಯಲ್ಲಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ನಾವು ಕುಶಾಲನಗರದ ಹತ್ತಿರದವರು, ಮನೆಯಲ್ಲಿ ಹಾಸನದ ಕಡೆಯ ಕನ್ನಡ. ತಮ್ಮ ಹುಟ್ಟಿದ ಮೇಲೆ ಅಮ್ಮನಿಗೆ ತುಂಬ ದಿನ ಮೈ ಸರಿಯಿರಲಿಲ್ಲ. ಹಾಗಾಗಿ ಶಾಲೆ ಬಿಟ್ಟ ಮೇಲೆ ನಾನು ಕತ್ತಲಾಗುವವರೆಗೂ ತೋಟದ ಬಾಲವಾಡಿಯಲ್ಲೇ ಇರುತ್ತಿದ್ದೆ. ಲೈನಿನ ಸಾಲುಮನೆಗಳಲ್ಲಿದ್ದ ಕೆಲಸದವರ ಮಕ್ಕಳೆಲ್ಲ ಅಲ್ಲಿರುತ್ತಿದ್ದರು. ತಮಿಳಿನವರು, ಮಲಯಾಳದವರು, ತುಳುವಿನವರು, ಎರವರು... ಒಂದೇ ಕೋಣೆ, ಒಂದು ಅಡುಗೆಯ ಚಾವಡಿ, ಸೀರೆ ಕಟ್ಟಿದ ನಾಲ್ಕು ತೊಟ್ಟಿಲು. ನಾನು ಆಡುವ ಮಲಯಾಳ, ತಮಿಳು ಎಲ್ಲ ಅಲ್ಲಿ ಕಲಿತದ್ದೇ.

ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವಳು ಆಯಮ್ಮ. ಐವತ್ತರ ಆಸುಪಾಸು. ಎತ್ತರದ ಆಳು, ಬಿಳಿ ಮುಂಡು, ಹೆಗಲ ಮೇಲೊಂದು ತೆಳು ವಸ್ತ್ರದ ತೋರ್ತು. ಕಿವಿಯಲ್ಲಿ ದೊಡ್ಡ ತೂತುಗಳಿದ್ದವು, ಓಲೆ ಇರಲಿಲ್ಲ. ಗಂಡ ಒಂದು ಕಾಲದಲ್ಲಿ ನಮ್ಮ ತೋಟದ ಲಾರಿ ಓಡಿಸುತ್ತಿದ್ದನಂತೆ, ಜ್ವರ ಬಂದು ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಹಬ್ಬಕ್ಕೆಂದು ಲೈನಿನ ಮಲಯಾಳದವರೆಲ್ಲ ಘಟ್ಟ ಇಳಿದು ಹೋದರೂ ಇವಳು ಹೋಗುತ್ತಿರಲಿಲ್ಲ. ಬಾಲವಾಡಿಯ ಮೆಟ್ಟಿಲ ಮೇಲೆ ಕುಳಿತು ಗಂಜಿಗೆ ತೆಂಗಿನಕಾಯಿ ತುರಿಯುತ್ತಿದ್ದಳು. "ನಿಂಗೆ ಊರು ಇಲ್ವಾ ಆಯಮ್ಮಾ?" ಎಂದು ನಾನೊಮ್ಮೆ ಕೇಳಿದ್ದೆ. "ಉಂಟು ಮೋಳೇ," ಅಂದಿದ್ದಳು, ಮಗಳೇ ಎಂದು ಕರೆದು. "ಊರು ಉಂಟು. ಬಾಗಿಲು ಇಲ್ಲ." ನನಗೆ ಏನೂ ತಿಳಿಯಲಿಲ್ಲ. ಬಾಗಿಲಿಲ್ಲದ ಊರು ಹೇಗಿರುತ್ತದೆ ಎಂದು ಎಷ್ಟೋ ದಿನ ಯೋಚಿಸಿದ್ದೆ.

ಆದರೆ ಕಡಲ ವಿಷಯ ಬಂದರೆ ಅವಳು ಬೇರೆಯೇ ಆಗುತ್ತಿದ್ದಳು. ಮಧ್ಯಾಹ್ನ ನಮ್ಮನ್ನು ಮಲಗಿಸಲು ಕಡಲ ಕತೆಯನ್ನೇ ಹೇಳುತ್ತಿದ್ದಳು. ನೀರಿನಂಚಿಗೆ ನಿಂತರೆ ಕಾಲ ಕೆಳಗಿನ ಮರಳನ್ನು ಕಡಲು ಮೆಲ್ಲಗೆ ಎಳೆದುಕೊಳ್ಳುತ್ತದೆ, ನಿಂತಲ್ಲೇ ನಿಂತಿದ್ದರೂ ಎಲ್ಲಿಗೋ ಹೋಗುತ್ತಿದ್ದೇವೆ ಅನ್ನಿಸುತ್ತದೆ ಎನ್ನುತ್ತಿದ್ದಳು. ತಲಶ್ಶೇರಿಯಲ್ಲಿ ಕಡಲಿನೊಳಕ್ಕೇ ಹೋಗುವ ಸೇತುವೆಯಿದೆ, ಅದು ಆಚೆ ದಡ ಮುಟ್ಟುವುದೇ ಇಲ್ಲ, ನಡುವೆಯೇ ನಿಂತುಬಿಡುತ್ತದೆ ಎನ್ನುತ್ತಿದ್ದಳು. ನಾವು ನಂಬುತ್ತಿರಲಿಲ್ಲ. ಆಚೆ ದಡ ಮುಟ್ಟದ ಸೇತುವೆಯನ್ನು ಯಾರು ಕಟ್ಟುತ್ತಾರೆ?

ಒಂದು ಸಂಜೆ ಅಪ್ಪ ಬಾಲವಾಡಿಗೆ ಬಂದು, ಎಲ್ಲ ಮಕ್ಕಳನ್ನೂ ತಲಶ್ಶೇರಿಗೆ ಕರೆದುಕೊಂಡು ಹೋಗುವುದು ಎಂದು ಹೇಳಿದರು. ತೋಟದ ಯಜಮಾನರು ಒಪ್ಪಿದ್ದಾರೆ, ನಮ್ಮ ಕಾಫಿ ಹಡಗು ಹತ್ತುತ್ತಿದ್ದ ಜಾಗವನ್ನು ಮಕ್ಕಳು ನೋಡಲಿ ಅಂದಿದ್ದಾರೆ ಎಂದರು. ನಾವೆಲ್ಲ ಕುಣಿದಾಡಿದೆವು. ಆಯಮ್ಮ ಮಾತ್ರ ಕೈಯಲ್ಲಿದ್ದ ಪಾತ್ರೆ ಹಿಡಿದುಕೊಂಡು ಹಾಗೇ ನಿಂತಿದ್ದಳು. "ನಾನೂ ಬರುದಾ ರೈಟ್ರೇ?" ಎಂದು ಕೇಳಿದಳು.

"ನೀವಿಲ್ಲದೆ ಇವರನ್ನ ಯಾರು ನೋಡ್ಕೋತಾರೆ?" ಅಂದರು ಅಪ್ಪ.

ಅಪ್ಪ ಹೆಚ್ಚು ಮಾತಿನವರಲ್ಲ. ಅವರು ಆ ದಿನ ಯಜಮಾನರ ಹತ್ತಿರ ಹೋಗಿ ಅದನ್ನೆಲ್ಲ ಯಾಕೆ ಕೇಳಿದರು ಅನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ನಾವು ಹನ್ನೊಂದು ಮಕ್ಕಳು. ವಿರಾಜಪೇಟೆಯವರೆಗೆ ಎಸ್ಟೇಟಿನ ಜೀಪು, ಅಲ್ಲಿಂದ ಬಸ್ಸು. ಮಾಕುಟ್ಟದ ತಿರುವುಗಳಲ್ಲಿ ಒಬ್ಬರಾದ ಮೇಲೆ ಒಬ್ಬರು ವಾಂತಿ ಮಾಡಿಕೊಂಡೆವು. ಆಯಮ್ಮ ಮಡಿಲಲ್ಲಿ ಕಿತ್ತಳೆ ಸಿಪ್ಪೆ ತುಂಬಿಕೊಂಡು ಬಂದಿದ್ದಳು. ಸಿಪ್ಪೆ ಹಿಂಡಿ ಮೂಗಿಗೆ ಹಿಡಿಯುವುದು, ಬಾಯಿ ಒರೆಸುವುದು, ಇನ್ನೊಬ್ಬರ ಹಣೆ ಒತ್ತುವುದು. ಚೆಕ್‌ಪೋಸ್ಟ್ ದಾಟಿ ಬಯಲು ಸಿಕ್ಕಿದ ಮೇಲೆ ನಾವೆಲ್ಲ ಚೇತರಿಸಿಕೊಂಡೆವು. ಅವಳು ಮಾತ್ರ ಊರುಗಳು ಬಂದಂತೆಲ್ಲ ತೋರ್ತನ್ನು ತಲೆಯ ಮೇಲೆ ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ತಲಶ್ಶೇರಿಯಲ್ಲಿ ಇಳಿದ ಕೂಡಲೇ ಅಪ್ಪ ಒಂದು ಹುರಿಹಗ್ಗ ತೆಗೆದು ಹನ್ನೊಂದು ಗಂಟು ಹಾಕಿದರು. ಒಬ್ಬೊಬ್ಬರೂ ಒಂದೊಂದು ಗಂಟು ಹಿಡಿದುಕೊಂಡು ನಡೆಯಬೇಕು. ಮುಂದೆ ಅಪ್ಪ, ಹಿಂದೆ ಆಯಮ್ಮ. ಪೇಟೆಯ ಜನ ನಿಂತು ನಕ್ಕರು. ಗೋದಾಮುಗಳ ಬೀದಿಯಲ್ಲಿ ಆಗಿನ್ನೂ ಒಂದಷ್ಟು ಕೆಲಸ ನಡೆಯುತ್ತಿತ್ತು. ಚೀಲ ಹೊತ್ತವರು "ಮಾರು, ಮಾರು" ಎಂದು ಮಲಯಾಳದಲ್ಲಿ ದಾರಿ ಕೇಳುತ್ತ ನಮ್ಮನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಒಂದು ಬಾಗಿಲ ಮುಂದೆ ಆಯಮ್ಮ ನಿಂತಳು, ನಾನು ಕೊನೆಯ ಗಂಟಿನವಳಾದ್ದರಿಂದ ನಾನೂ ನಿಂತೆ. ಹೇಳಿದೆನಲ್ಲ, ಆ ವಾಸನೆ... "ನನ್ನ ಅಪ್ಪ ಇಲ್ಲಿ ಮೇಸ್ತ್ರಿ ಆಗಿದ್ದದ್ದು," ಎಂದಳು. ಅಷ್ಟರಲ್ಲಿ ಹಗ್ಗ ಎಳೆಯಿತು, ನಡೆದೆವು.

ಬೀದಿ ತಿರುಗಿದರೆ ಕಡಲು! ನಮ್ಮಲ್ಲಿ ಯಾರೂ ತೋಟದ ಕೆರೆಗಿಂತ ದೊಡ್ಡ ನೀರು ನೋಡಿದವರಲ್ಲ. ಒಬ್ಬ ಪುಟ್ಟ ಹುಡುಗಿ ಅಳುವುದಕ್ಕೇ ಶುರುಮಾಡಿದಳು. ಇನ್ನೊಬ್ಬ "ಇದರ ತೂಬು ಎಲ್ಲಿರೋದು? ಯಾರು ತೆಗೆಯೋದು?" ಎಂದು ಅಪ್ಪನನ್ನು ಕೇಳಿದ. ಆಯಮ್ಮ ಹೇಳಿದ ಸೇತುವೆಯೂ ನಿಜವಾಗಿಯೂ ಇತ್ತು. ಕಬ್ಬಿಣದ ಕಂಬಗಳ ಮೇಲೆ ಕಡಲೊಳಕ್ಕೆ ಚಾಚಿಕೊಂಡು ನಡುನೀರಿನಲ್ಲಿ ನಿಂತುಬಿಟ್ಟಿತ್ತು. ಹಡಗುಗಳು ದಡದ ಹತ್ತಿರ ಬರುವಂತಿರಲಿಲ್ಲ, ಅದಕ್ಕೆ ನಮ್ಮ ಚೀಲಗಳು ಇದರ ತುದಿಯವರೆಗೆ ಹೋಗಿ ದೋಣಿ ಹತ್ತುತ್ತಿದ್ದವು ಎಂದು ಅಪ್ಪ ವಿವರಿಸಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರಿಗೂ ಸೇತುವೆಯ ಸಂದಿಯಿಂದ ಕೆಳಗಿನ ನೀರು ನೋಡುವ ಆತುರ.

ಆಗ ಆಯಮ್ಮ ಬಗ್ಗಿ ನನ್ನ ಕಿವಿಯಲ್ಲಿ, "ನಿಂಗೆ ಮೂತ್ರ ಬರ್ತದಲ್ಲಾ?" ಅಂದಳು.

"ಇಲ್ಲ," ಅಂದೆ.

"ಬರ್ತದೆ," ಅಂದಳು. ಆಮೇಲೆ ಜೋರಾಗಿ, "ರೈಟ್ರೇ, ಮಗುವಿಗೆ ಮೂತ್ರಕ್ಕೆ ಹೋಗ್ಬೇಕಂತೆ."

ಅಪ್ಪ ನನ್ನನ್ನು ನೋಡಿದರು, ಅವಳನ್ನು ನೋಡಿದರು. "ಹೋಗಿ ಬನ್ನಿ. ನಾವು ಇಲ್ಲೇ ಇರ್ತೀವಿ. ಅವಸರ ಇಲ್ಲ," ಅಂದರು.

ಅವಳು ನನ್ನನ್ನು ಎಳೆದುಕೊಂಡೇ ನಡೆದಳು. ಗೋದಾಮುಗಳ ಹಿಂದೆ ಒಂದು ಓಣಿ, ಅದರಿಂದ ಇನ್ನೊಂದು. ಎಲ್ಲೂ ದಾರಿ ಕೇಳಲಿಲ್ಲ. ಕೆಂಪು ಕಲ್ಲಿನ ಗೋಡೆಯ, ತಗ್ಗಿನ ಮಾಡಿನ ಒಂದು ಮನೆಯ ಮುಂದೆ ನಿಂತಾಗ ಅವಳಿಗೆ ಏದುಸಿರು. ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತು ನನ್ನ ಕೂದಲು ಸರಿಮಾಡಿದಳು. ಒಳಗೆ ಒಬ್ಬ ಅಜ್ಜಿ ಇರುತ್ತಾರೆ, ಅವರ ಕೈ ಹಿಡಿದುಕೊಂಡು "ಅಮ್ಮೇ, ಞಾನ್ ವನ್ನು" ಅನ್ನಬೇಕು ಎಂದಳು. ಅಮ್ಮಾ, ನಾನು ಬಂದೆ. ಎರಡು ಸಲ ನನ್ನಿಂದ ಹೇಳಿಸಿದಳು.

"ನೀನೇ ಹೇಳು ಆಯಮ್ಮಾ."

"ನನ್ನನ್ನು ಒಳಗೆ ಬಿಟ್ಟರೆ ನಾನೇ ಹೇಳ್ತೇನೆ. ಬಿಡದಿದ್ರೆ ನೀನು."

ಬಾಗಿಲು ತೆಗೆದವರು ಬನಿಯನ್ ಹಾಕಿಕೊಂಡಿದ್ದ, ಕನ್ನಡಕದ ಒಬ್ಬ ಗಂಡಸು. ಆಯಮ್ಮನದೇ ಮೂಗು, ಆಯಮ್ಮನದೇ ಎತ್ತರ. ಅವರು ಅವಳನ್ನು ನೋಡಿದರು. ಬಾಗಿಲ ಎರಡೂ ಕಡೆ ಕೈ ಇಟ್ಟುಕೊಂಡು ನಿಂತರು, ಅಷ್ಟೆ. ಆಯಮ್ಮ ಕಣ್ಣು ಕೆಳಗೆ ಹಾಕಿ, ಮಗುವಿಗೆ ಬಚ್ಚಲಿಗೆ ಹೋಗಬೇಕಿತ್ತು ಎಂದು ಮಲಯಾಳದಲ್ಲಿ ಹೇಳಿದಳು. ಅಪರಿಚಿತರ ಹತ್ತಿರ ಆಡುವ ಮರ್ಯಾದೆಯ ಮಾತು ಅದು.

ಅವರು ಒಂದು ಕೈ ತೆಗೆದರು. "ಮಗು ಬರಲಿ," ಅಂದರು.

ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಒಬ್ಬ ಮುದುಕಿ ಮಲಗಿದ್ದರು. ಎಷ್ಟು ಸಣ್ಣಗಿದ್ದರೆಂದರೆ ಹೊದಿಕೆಯ ಕೆಳಗೆ ಯಾರೋ ಮಗು ಮಲಗಿದಂತೆ. ನಾನು ಹೆದರಿ ವಾಪಸು ಓಡಬೇಕು ಅಂದುಕೊಂಡೆ. ಆದರೆ ಹೇಳಿಕೊಟ್ಟ ಮಾತು ಬಾಯಲ್ಲಿತ್ತು. ಕೈ ಮುಟ್ಟಿ, "ಅಮ್ಮೇ, ಞಾನ್ ವನ್ನು" ಎಂದೆ.

ಅವರ ಕಣ್ಣುಗಳಿಗೆ ಬಿಳಿ ಪೊರೆ ಕಟ್ಟಿಕೊಂಡಿತ್ತು. ಕೈಯಿಂದ ನನ್ನ ಮುಖ ಮುಟ್ಟಿದರು, ಜಡೆ ಮುಟ್ಟಿದರು. ಆಮೇಲೆ ಒಂದು ಹೆಸರು ಕರೆದರು. ನನ್ನದಲ್ಲದ ಹೆಸರು. "ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ? ಕಡಲ ಹತ್ತಿರ ಹೋಗಿದ್ದೆಯಲ್ಲ, ಕಾಲೆಲ್ಲ ಮರಳು. ತೊಳ್ಕೊಂಡು ಬಾ, ಊಟ ಮಾಡು," ಎಂದು ಗದರಿದರು. ಗದರಿದ್ದು ಜೋರಾಗಿಯೇ. ಬಾಗಿಲವರೆಗೆ ಕೇಳಿಸಿತೋ ಏನೋ, ಆ ಕನ್ನಡಕದವರು ಕೋಣೆಯ ಹೊಸಿಲಿಗೆ ಬಂದು ನಿಂತರು. ತಾಯಿ ನನ್ನ ಕೈ ಬಿಡದೆ ಹಿಡಿದುಕೊಂಡು ನಗುತ್ತಿದ್ದುದನ್ನು ನೋಡಿದರು. ನಂತರ ಗೂಟದ ಮೇಲಿದ್ದ ಅಂಗಿ ತೆಗೆದುಕೊಂಡು ಹಾಕುತ್ತ, "ಮೀನು ಬಂತಾ ನೋಡಿ ಬರ್ತೇನೆ," ಎಂದು ಅಡುಗೆಮನೆಯ ಕಡೆ ಯಾರಿಗೋ ಹೇಳಿ, ಹೊರಗೆ ಹೋದರು. ಬಾಗಿಲು ಹಾಕಲಿಲ್ಲ.

ಆಯಮ್ಮ ಒಳಗೆ ಬಂದಳು. ಮಂಚದ ಪಕ್ಕ ನೆಲದ ಮೇಲೆ ಕುಳಿತು ತಾಯಿಯ ಇನ್ನೊಂದು ಕೈ ಹಿಡಿದು, "ಅಮ್ಮೇ," ಅಂದಳು.

ಮುದುಕಿ ಕೈ ಹಿಂದಕ್ಕೆ ಎಳೆದುಕೊಂಡರು. "ಯಾರಿದು?" ಎಂದು ನನ್ನನ್ನು ಕೇಳಿದರು. "ನಿನ್ನ ಟೀಚರಾ?"

ನಾನು ಆಯಮ್ಮನ ಮುಖ ನೋಡಿದೆ. ಅವಳು ತನ್ನ ಬರಿಗೈಯನ್ನು ಮಡಿಲಿಗೆ ತೆಗೆದುಕೊಂಡಳು. ಆಮೇಲೆ ಅವಳೇ, "ಹೌದು," ಅಂದಳು.

"ಇವಳು ಚೆನ್ನಾಗಿ ಓದ್ತಾಳಾ?"

"ಓದ್ತಾಳೆ."

"ಹೊಡೀಬೇಡಿ ಟೀಚರೇ. ತಂಟೆ ಮಾಡ್ತಾಳೆ, ಆದರೆ ಪಾಪದವಳು."

"ಹೊಡೆಯುದಿಲ್ಲ," ಎಂದಳು ಆಯಮ್ಮ. "ನಾನು ನೋಡ್ಕೊಳ್ತೇನೆ."

ಆಗ ಅವಳು ಅಳಲಿಲ್ಲ. ತಾಯಿಯ ಹೊದಿಕೆ ಸರಿಮಾಡಿದಳು, ಕಾಲು ಒತ್ತಿದಳು. ಟೀಚರು ಕಾಲು ಒತ್ತುವುದು ಮುದುಕಿಗೆ ಸಂಕೋಚವಾಗಿ ಬೇಡ ಬೇಡ ಅನ್ನುತ್ತಿದ್ದರು. ಒತ್ತುತ್ತಿದ್ದ ಹಾಗೇ ನಿದ್ದೆ ಹೋದರು. ಅಡುಗೆಮನೆಯಿಂದ ಒಬ್ಬ ಹೆಂಗಸು ಬಂದು ನನ್ನ ಕೈಗೆ ನೇಂದ್ರಬಾಳೆಯ ಹಣ್ಣು ಕೊಟ್ಟು, ಆಯಮ್ಮನ ಕಡೆ ನೋಡದೆ, "ಅವರು ಬರುವ ಹೊತ್ತಾಯಿತು," ಎಂದರು. ನಾವು ಹೊರಟೆವು.

ಓಣಿ ದಾಟಿ ಕಡಲು ಕಾಣಿಸಿದ ಮೇಲೆ ಅವಳು ಓಡಿದಳು. ಚಪ್ಪಲಿ ಬಿಟ್ಟು ಮುಂಡಿನ ಸಮೇತ ಮೊಣಕಾಲು ನೀರಿಗೆ ಇಳಿದು ಮುಖಕ್ಕೆ ನೀರು ಹಾಕಿಕೊಂಡಳು, ಮತ್ತೆ ಮತ್ತೆ. ಮಕ್ಕಳೆಲ್ಲ ಸೇತುವೆಯಿಂದ ಕೂಗುತ್ತ ಇಳಿದು ಬಂದರು, ಅವಳು ಆಟವಾಡುತ್ತಿದ್ದಾಳೆ ಅಂದುಕೊಂಡು. ಎಲ್ಲರೂ ನೀರಿಗೆ ಬಿದ್ದೆವು. ಮರಳು ಕಾಲ ಕೆಳಗಿಂದ ಜಾರಿತು, ಅವಳು ಹೇಳಿದ ಹಾಗೇ. ಅಪ್ಪ ಹಗ್ಗ ಹಿಡಿದುಕೊಂಡು ದಡದಲ್ಲಿ ನಿಂತಿದ್ದರು. ನಾವು ಹೊರಡಬೇಕಿದ್ದ ಬಸ್ಸು ತಪ್ಪಿತು. ಅವರು ಅವಸರ ಮಾಡಲಿಲ್ಲ.

ಮಳೆ ಶುರುವಾಗುವ ಮೊದಲೇ ಆ ಅಜ್ಜಿ ತೀರಿಕೊಂಡ ಸುದ್ದಿ ಬಂತು. ಆಯಮ್ಮ ಹೋಗಲಿಲ್ಲ. ಅಂದೂ ಎಂದಿನಂತೆ ಗಂಜಿ ಬಡಿಸಿದಳು. ಮಕ್ಕಳೆಲ್ಲ ಮಲಗಿದ ಮೇಲೆ ನನ್ನನ್ನು ಮೆಟ್ಟಿಲ ಹತ್ತಿರ ಕರೆದು, "ನಾನು ಹೊರಗೆ ಇದ್ದಾಗ ಅಮ್ಮ ಎಂತ ಹೇಳಿದ್ರು? ಸರಿಯಾಗಿ ಹೇಳು," ಎಂದಳು. ಹೇಳಿದೆ. ಮಾರನೆಯ ದಿನ ಮತ್ತೆ ಕೇಳಿದಳು. ಮತ್ತೆ ಹೇಳಿದೆ. ಅದೇ ಮಾತು, ಮರಳು, ಕಾಲು, ಊಟ. ಅವಳು ಕೇಳುವಾಗ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಇನ್ನೂ ಏನೋ ಇರಬೇಕು, ಇದು ಸಾಲದು ಎನ್ನುವ ಹಾಗೆ.

ಹಾಗೆ ಕೇಳುವವರಿಗೆ ಏಳು ವರ್ಷದ ಮಗು ಏನು ಮಾಡೀತು? ನಾನು ಸೇರಿಸತೊಡಗಿದೆ. ಜಡೆ ಚೆನ್ನಾಗಿದೆ ಅಂದರು ಎಂದೆ. ದಿನಾ ಬಾಗಿಲಲ್ಲಿ ಕುಳಿತು ಕಾಯ್ತಿದ್ದೆ ಅಂದರು ಎಂದೆ. ಒಂದು ಮಳೆಯ ಮಧ್ಯಾಹ್ನ, ಅವಳ ಮುಖ ನೋಡಲಾಗದೆ, "ನನಗೆ ಕೋಪ ಇಲ್ಲ ಅಂದ್ರು," ಎಂದುಬಿಟ್ಟೆ.

ಆಯಮ್ಮ ತುರಿಯುತ್ತಿದ್ದ ಕೈ ನಿಲ್ಲಿಸಿದಳು. "ಅದು ನೀನು ಮೊದಲು ಹೇಳ್ಲಿಲ್ಲ."

"ಮರ್ತಿದ್ದೆ."

ಅವಳು ನನ್ನನ್ನು ತುಂಬ ಹೊತ್ತು ನೋಡಿದಳು. ಸುಳ್ಳು ಹೇಳಿದಾಗ ಅಮ್ಮ ಹೀಗೇ ನೋಡುತ್ತಿದ್ದಳು. "ಇನ್ನು ಮರೀಬೇಡ," ಎಂದಳು ಆಯಮ್ಮ. ಮತ್ತೆ ತುರಿಯತೊಡಗಿದಳು. ಅವಳಿಗೆ ಗೊತ್ತಾಗಿತ್ತು ಅನ್ನುವುದು ನನಗೆ ಅಂದೇ ಗೊತ್ತಿತ್ತು. ಆದರೂ ಅಂದಿನಿಂದ ಅವಳು ಅದೊಂದನ್ನೇ ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ.

ಹತ್ತನೆಯ ವಯಸ್ಸಿಗೆ ನನ್ನನ್ನು ಮಡಿಕೇರಿಯ ಹಾಸ್ಟೆಲಿಗೆ ಸೇರಿಸಿದರು. ರಜೆಗೆ ಬಂದಾಗ ಬಾಲವಾಡಿಗೆ ಹೋಗುತ್ತಿದ್ದೆ, ಆಮೇಲಾಮೇಲೆ ಅದೂ ಕಡಿಮೆಯಾಯಿತು. ದೊಡ್ಡವಳಾದಂತೆ ಆ ಸುಳ್ಳು ನೆನಪಾಗಿ ಮುಜುಗರ. ಅವಳೂ ಕೇಳುವುದನ್ನು ಬಿಟ್ಟಿದ್ದಳು. ನಾನು ಮೈಸೂರಿನಲ್ಲಿ ಟೀಚರ್ ಟ್ರೈನಿಂಗ್ ಓದುವಾಗ ಅಪ್ಪ ಬರೆದ ಒಂದು ಕಾಗದದಲ್ಲಿ ಕಾಫಿ ಹೂ ಬಿಡಿಸುವ ಹೂಮಳೆ ಚೆನ್ನಾಗಿ ಬಿದ್ದ ಸುದ್ದಿಯ ಕೆಳಗೆ ಒಂದು ಸಾಲಿತ್ತು: ಆಯಮ್ಮ ಹೋದ ಸೋಮವಾರ ತೀರಿಕೊಂಡರು, ಲೈನಿನವರೆಲ್ಲ ಸೇರಿ ಎಲ್ಲ ಮಾಡಿದೆವು. ಆ ರಜೆಯಲ್ಲಿ ಮನೆಗೆ ಹೋದಾಗ ಅಪ್ಪ ಉಳಿದದ್ದನ್ನು ಹೇಳಿದರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಆಯಮ್ಮ, ಗೋದಾಮಿಗೆ ಕೊಡಗಿನ ಕಾಫಿ ತರುತ್ತಿದ್ದ ಬೇರೆ ಜಾತಿಯ ಲಾರಿ ಡ್ರೈವರನ ಜೊತೆ ಹೊರಟು ಬಂದಿದ್ದಳು. ಮನೆಯವರು ಮತ್ತೆ ಬಾಗಿಲು ತೆರೆಯಲಿಲ್ಲ. ತಾಯಿ ಹಾಸಿಗೆ ಹಿಡಿದಿದ್ದಾರೆ ಎಂದು ನೆರೆಮನೆಯ ಯಾರೋ ಬರೆದ ಕಾಗದ ಆಫೀಸಿಗೆ ಬಂದಿತ್ತು. ಅವಳಿಗೆ ಅದನ್ನು ಓದಿ ಹೇಳಿದವರು ಅಪ್ಪ. "ಒಬ್ಬಳೇ ಹೋಗೋ ಧೈರ್ಯ ಇಲ್ಲ ಅಂದ್ರು. ಮಕ್ಕಳು ಜೊತೆಗಿದ್ರೆ ಯಾರಾದ್ರೂ ಬಾಗಿಲು ತೆಗೀಬಹುದು ಅಂತ ನಂಗೆ ಅನ್ನಿಸ್ತು," ಎಂದರು ಅಪ್ಪ. ನಾನು ಕಟ್ಟಿದ ಮಾತುಗಳ ವಿಷಯ ಅವರಿಗೂ ಹೇಳಲಿಲ್ಲ. ಈಗ ಅವರೂ ಇಲ್ಲ.

ಕಳೆದ ತಿಂಗಳು ಆ ಸೇತುವೆಗೆ ಗೇಟು ಹಾಕಿ ಬೀಗ ಜಡಿದಿದ್ದರು. ಕಂಬಗಳು ತುಕ್ಕು ಹಿಡಿದು ಅಲ್ಲಲ್ಲಿ ಕಳಚಿವೆ, ಒಳಗೆ ಬಿಡುವುದಿಲ್ಲ. ಮಕ್ಕಳು ಸರಳುಗಳ ಸಂದಿಯಿಂದ ಮುಖ ತೂರಿಸಿ ನೋಡಿದರು. ಅವರನ್ನು ನನ್ನವರ ಹತ್ತಿರ ಬಿಟ್ಟು ನಾನು ಗೋದಾಮುಗಳ ಹಿಂದಿನ ಓಣಿಗೆ ಹೋದೆ. ಕೆಂಪು ಕಲ್ಲಿನ ಮನೆಗಳು ಎರಡೋ ಮೂರೋ ಉಳಿದಿವೆ. ಯಾವುದು ಎಂದು ಹೇಳಲಾಗಲಿಲ್ಲ. ಒಂದರ ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದ ವಯಸ್ಸಾದ ಹೆಂಗಸು ನನ್ನನ್ನು ನೋಡಿ, ಯಾರ ಮನೆ ಬೇಕಿತ್ತು ಎಂದು ಕೇಳಿದರು. ಹಳಬರ ಮನೆ, ತಂದೆ ಗೋದಾಮಿನಲ್ಲಿ ಮೇಸ್ತ್ರಿಯಾಗಿದ್ದರು, ಮಗಳು ಕೊಡಗಿಗೆ ಹೋಗಿದ್ದಳು ಎಂದೆ. ಅವರು ಕತ್ತಿ ಬದಿಗಿಟ್ಟು ನಿಜವಾಗಿಯೂ ಯೋಚಿಸಿದರು. "ಇಲ್ಲಿ ಎಲ್ಲರ ಅಪ್ಪಂದಿರೂ ಗೋದಾಮಿನವರೇ. ಹೆಸರು ಹೇಳಿ, ನೋಡುವ."

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ. ನಮಗೆಲ್ಲ ಅವಳು ಆಯಮ್ಮ. ತೋಟದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರನ್ನು ನಾನು ಕೇಳಿಲ್ಲ. ಒಬ್ಬರು ಮಾತ್ರ ಕರೆದಿದ್ದರು, ನನ್ನ ಮುಖ ಸವರುತ್ತ, ನಾನೇ ಅವಳು ಅಂದುಕೊಂಡು. ಎರಡಕ್ಷರದ್ದೋ, ಮೂರಕ್ಷರದ್ದೋ... ನಾನು ಕಟ್ಟಿ ಹೇಳಿದ ಮಾತುಗಳೆಲ್ಲ ಒಂದೂ ಬಿಡದೆ ನೆನಪಿವೆ. ಆ ತಾಯಿ ನಿಜವಾಗಿ ಕರೆದ ಆ ಒಂದು ಹೆಸರನ್ನು ಆಯಮ್ಮ ಒಮ್ಮೆಯೂ ನನ್ನಿಂದ ಹೇಳಿಸಲಿಲ್ಲ, ನಾನೂ ಉಳಿಸಿಕೊಳ್ಳಲಿಲ್ಲ.

ಗೊತ್ತಿಲ್ಲ ಎಂದು ಆ ಹೆಂಗಸಿಗೆ ಹೇಳಿ, ಮಕ್ಕಳಿದ್ದ ಕಡೆಗೆ ನಡೆದೆ.